ಜೆನೆಟಿಕ್ಸ್ ಓದಿದವರು ಬಯೋಎಥಿಕ್ಸ್‌ಗೆ ಬರಬಹುದೇ? ಬಂದರೆ ದಿನವಿಡೀ ಮಾಡುವುದೇನು?

ನೀವು ಕೇಳಿದ್ದು ಇಷ್ಟು: ಜೆನೆಟಿಕ್ಸ್‌ನಲ್ಲಿ ಎಂಎಸ್ಸಿ ಮುಗಿದಿದೆ, ಲ್ಯಾಬಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಭ್ರೂಣಪರೀಕ್ಷೆ, ಜೀನ್ ಎಡಿಟಿಂಗ್ ಇಂಥವುಗಳ ನೀತಿ-ನಿಯಮದ ಕಡೆ, ಅಂದರೆ ಬಯೋಎಥಿಕ್ಸ್‌ನಲ್ಲಿ, ಅಧ್ಯಾಪನ, ಸಂಶೋಧನೆ ಮಾಡಿಕೊಂಡು ಬದುಕಬಹುದೇ? ಅದಕ್ಕೆ ಫಿಲಾಸಫಿ ಓದಬೇಕೇ, ಕಾನೂನು ಓದಬೇಕೇ? ಕೊನೆಯಲ್ಲಿ ಒಂದು ಚುಚ್ಚುಪ್ರಶ್ನೆ: "ಬೆಳಗಿನಿಂದ ಸಂಜೆವರೆಗೆ ಸರಿ-ತಪ್ಪು ಅಂತ ವಾದ ಮಾಡುವುದೇ ಕೆಲಸವೇ?" ನಾನು ಈ ದಾರಿಯಲ್ಲಿ 18 ವರ್ಷದಿಂದ ಇದ್ದೇನೆ, ನಿಮ್ಮ ಹಾಗೆಯೇ ಪಿಪೆಟ್ ಕೆಳಗಿಟ್ಟು ಬಂದವಳು. ಚುಚ್ಚುಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ವಾದ ಇರುತ್ತದೆ, ಆದರೆ ಅದು ಸ್ವಲ್ಪ. ಹೆಚ್ಚಿನ ಹೊತ್ತು ಹೋಗುವುದು ಒಂದೊಂದು ಪದದ ಬೆನ್ನು ಹತ್ತುವುದರಲ್ಲಿ. ಬ್ರಿಟನ್ನಿನ ಕಾನೂನನ್ನೇ ತೆಗೆದುಕೊಳ್ಳಿ. ಐವಿಎಫ್‌ನಲ್ಲಿ (ಪ್ರನಾಳ ಶಿಶು ವಿಧಾನ) ಆದ ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಮೊದಲು ತಳಿಪರೀಕ್ಷೆ ಮಾಡಬಹುದು. ಆದರೆ ಹುಟ್ಟುವ ಮಗುವಿಗೆ "ಗಂಭೀರ" ಅಂಗವೈಕಲ್ಯವೋ "ಗಂಭೀರ" ಕಾಯಿಲೆಯೋ ಬರುವ ಗಣನೀಯ ಸಾಧ್ಯತೆ ಇರಬೇಕು. ಗಂಭೀರ ಅಂದರೆ ಯಾವುದು? ಕಾನೂನು ಬಾಯಿ ಬಿಡುವುದಿಲ್ಲ. ಅಲ್ಲಿನ ನಿಯಂತ್ರಣ ಪ್ರಾಧಿಕಾರದ ಸಮಿತಿ ಒಂದೊಂದು ಕಾಯಿಲೆಯನ್ನೂ ಮೇಜಿನ ಮೇಲಿಟ್ಟುಕೊಂಡು ತೀರ್ಮಾನಿಸುತ್ತದೆ. ಎಳವೆಯಲ್ಲೇ ಪ್ರಾಣ ತೆಗೆಯುವ ಕಾಯಿಲೆಯಾದರೆ ಚರ್ಚೆ ಬೇಗ ಮುಗಿಯುತ್ತದೆ. ಬಿಆರ್‌ಸಿಎ ಜೀನಿನ ದೋಷ? ಅದಿದ್ದವರಿಗೆ ಸ್ತನದ, ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಆದರೆ ಎಲ್ಲರಿಗೂ ಬರುವುದಿಲ್ಲ, ಬಂದರೂ ದೊಡ್ಡವರಾದ ಮೇಲೆ, ತಪ್ಪಿಸಿಕೊಳ್ಳುವ ದಾರಿಗಳೂ ಇವೆ. 2006ರಲ್ಲಿ ಪ್ರಾಧಿಕಾರ ಇಂಥವಕ್ಕೂ ಅನುಮತಿ ಕೊಡಬಹುದೆಂದು ಒಪ್ಪಿತು. ಆ ಗೆರೆ ಯಾಕೆ ಸರಿಯಿತು, ಕೊಟ್ಟ ಕಾರಣವನ್ನೇ ಹಿಡಿದು ಹೊರಟರೆ ನಾಳೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ, ಇದನ್ನು ಬಿಡಿಸಿ ಹೇಳುವುದು ನಮ್ಮ ಹೊಟ್ಟೆಪಾಡು.

ಅದೇ ಕಾನೂನನ್ನು 2008ರಲ್ಲಿ ತಿದ್ದಿದಾಗ, ತಳಿದೋಷ ಇದೆ ಎಂದು ಗೊತ್ತಿರುವ ಭ್ರೂಣವನ್ನು ದೋಷವಿಲ್ಲದ್ದರ ಬದಲಿಗೆ ಆರಿಸಿಕೊಳ್ಳಬಾರದು ಎಂಬ ಕಲಮು ಸೇರಿತು. ಕಿವುಡ ಸಮುದಾಯದವರು ತಿರುಗಿಬಿದ್ದರು. ನಮಗೊಂದು ಭಾಷೆ ಇದೆ, ಬದುಕುವ ರೀತಿ ಇದೆ, ಇದನ್ನು ಕಾಯಿಲೆ ಎಂದವರು ಯಾರು? ವಿವರಣಾ ಟಿಪ್ಪಣಿಯಲ್ಲಿದ್ದ ಕಿವುಡುತನದ ಉದಾಹರಣೆ ಬಿದ್ದುಹೋಯಿತು. ಕಲಮು ಮಾತ್ರ ಹಾಗೇ ಉಳಿಯಿತು.

ಪದದ ಪೆಟ್ಟು ನನಗೂ ಬಿದ್ದಿದೆ. ಪಿಎಚ್‌ಡಿಯ ಎರಡನೇ ವರ್ಷ, ಸಾರ್ವಜನಿಕ ಸಭೆಯೊಂದರಲ್ಲಿ ಪ್ರಸವಪೂರ್ವ ಪರೀಕ್ಷೆಗಳ ಬಗ್ಗೆ ಮಾತಾಡುತ್ತ "ಡೌನ್ ಸಿಂಡ್ರೋಮ್‌ನಿಂದ ನರಳುವ ಮಕ್ಕಳು" ಅಂದೆ. ಮೂರನೇ ಸಾಲಿನಲ್ಲಿದ್ದ ಹೆಂಗಸೊಬ್ಬರು ಕೈ ಎತ್ತಿದರು. ಪಕ್ಕದಲ್ಲಿ ಅವರ ಮಗ, ಇಪ್ಪತ್ತರ ಆಸುಪಾಸಿನವನು, ಸಭೆಯ ಕರಪತ್ರವನ್ನು ನೀಟಾಗಿ ಮಡಿಚಿ ದೋಣಿ ಮಾಡುತ್ತಿದ್ದ. "ಇವನು ನರಳುತ್ತಿದ್ದಾನಾ, ಒಂದು ಸಲ ನೋಡಿ ಹೇಳಿ" ಅಂದರು. ಜೋರಾಗಿಯೂ ಅಲ್ಲ. ನಾನು ಅಷ್ಟೊತ್ತಿಗೆ ಆ ವಿಷಯದ ಮೇಲೆ ನೂರಿನ್ನೂರು ಪೇಪರ್ ಓದಿದ್ದೆ, ಡೌನ್ ಸಿಂಡ್ರೋಮ್ ಇರುವ ಒಬ್ಬರ ಜೊತೆ ಒಂದು ಗಂಟೆ ಕೂತಿರಲಿಲ್ಲ. ರಾತ್ರಿ ಹೋಗಿ ಏಡ್ರಿಯನ್ ಆಶ್ ಅವರ ಬರಹಗಳನ್ನು ಮತ್ತೆ ತೆಗೆದೆ. ಸ್ವತಃ ಕಣ್ಣು ಕಾಣದ ವಿದ್ವಾಂಸೆ ಅವರು. ಗರ್ಭಪಾತದ ಹಕ್ಕನ್ನು ಬೆಂಬಲಿಸುತ್ತಲೇ ಅವರು ಕೇಳುತ್ತಿದ್ದ ಪ್ರಶ್ನೆ ಬೇರೆ: ಮಗುವೇ ಬೇಡ ಅನ್ನುವುದು ಒಂದು, ಮಗು ಬೇಕು ಆದರೆ ಈ ಮಗು ಬೇಡ ಅನ್ನುವುದು ಇನ್ನೊಂದು, ಒಂದೇ ಒಂದು ಲಕ್ಷಣ ಇಡೀ ಮನುಷ್ಯನನ್ನು ಮರೆಮಾಡಿಬಿಡುತ್ತದಲ್ಲ? ಅವರ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಈಗಲೂ. ಆದರೆ "ನರಳುವ" ಎಂಬ ಪದ ಅವತ್ತಿನಿಂದ ನನ್ನ ಬರವಣಿಗೆಯಲ್ಲಿ ಬಂದಿಲ್ಲ.

ಲ್ಯಾಬಿನಿಂದ ಬಂದವರಿಗೆ ಇಲ್ಲಿ ಒಂದು ಅನುಕೂಲ ಇದೆ, ಲೆಕ್ಕ. ಗರ್ಭಿಣಿಯ ರಕ್ತದಲ್ಲೇ ಭ್ರೂಣದ ಡಿಎನ್‌ಎ ಚೂರುಗಳು (ಸರಿಯಾಗಿ ಹೇಳಬೇಕೆಂದರೆ ಬಹುಪಾಲು ಮಾಸಿನಿಂದ ಬಂದವು) ತೇಲುತ್ತವೆ ಎಂದು ಡೆನ್ನಿಸ್ ಲೋ ತಂಡ 1997ರಲ್ಲಿ ತೋರಿಸಿತು. 2011ರಲ್ಲಿ ಅದು ಎನ್‌ಐಪಿಟಿ ಎಂಬ ಹೆಸರಿನ ಪರೀಕ್ಷೆಯಾಗಿ ಮಾರುಕಟ್ಟೆಗೆ ಬಂತು. ನಾನಿದ್ದ ಒಂದು ಸಮಿತಿಯ ಕರಡಿನಲ್ಲಿ "ಪರೀಕ್ಷೆ ಶೇ. 99ರಷ್ಟು ನಿಖರ" ಎಂಬ ಸಾಲಿತ್ತು, ಎಲ್ಲರೂ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಕಾರ್ಯಸೂಚಿಯ ಹಾಳೆ ಮಗುಚಿ ಬರೆದೆ. 1 ಲಕ್ಷ ಗರ್ಭಿಣಿಯರು. ಹುಡುಕುತ್ತಿರುವ ಸಮಸ್ಯೆ ಸಾವಿರಕ್ಕೆ ಒಂದು, ಅಂದರೆ 100 ಭ್ರೂಣಗಳಲ್ಲಿ ಇದೆ. ಪರೀಕ್ಷೆ ಅದರಲ್ಲಿ 99 ಹಿಡಿಯುತ್ತದೆ, ಭೇಷ್. ಉಳಿದ 99,900ರಲ್ಲಿ ಸಾವಿರಕ್ಕೊಂದರಂತೆ ಮಾತ್ರ ತಪ್ಪಿದರೂ ಸುಮಾರು 100 ಜನಕ್ಕೆ ಸುಳ್ಳು ಪಾಸಿಟಿವ್ ಬರುತ್ತದೆ. ಕೈಯಲ್ಲಿ ಪಾಸಿಟಿವ್ ವರದಿ ಹಿಡಿದುಕೊಂಡು ಕೂತ 199 ತಾಯಂದಿರಲ್ಲಿ ಅರ್ಧ ಜನರ ಭ್ರೂಣಕ್ಕೆ ಏನೂ ಆಗಿಲ್ಲ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. "ಹಾಗಾದರೆ ಇದು ನಾಣ್ಯ ಚಿಮ್ಮಿದ ಹಾಗೆ ಅಲ್ಲವೇನ್ರೀ?" ಅಂದರು. ಹಾಗಲ್ಲ ಸರ್, ಸಾವಿರಕ್ಕೊಂದು ಇದ್ದ ಸಂಭವ ಎರಡಕ್ಕೊಂದು ಆಯಿತು, ಅದು ದೊಡ್ಡ ಮಾಹಿತಿಯೇ. ಆದರೆ ಇಷ್ಟರ ಮೇಲೇ ಗರ್ಭ ತೆಗೆಸುವ ತೀರ್ಮಾನ ಆಗಬಾರದು, ಗರ್ಭಜಲ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಲೇಬೇಕು ಎಂದೆ. ಸಾಲು ಬದಲಾಯಿತು. ಅವತ್ತು ನೀತಿಯ ಬಗ್ಗೆ ನಾನು ಒಂದು ಮಾತೂ ಆಡಿರಲಿಲ್ಲ, ಆದರೂ ನನ್ನ ವೃತ್ತಿಯಲ್ಲಿ ನಾಲ್ಕು ಜನಕ್ಕೆ ಉಪಯೋಗವಾದ ಕೆಲಸ ಅಂತಿದ್ದರೆ ಅದೇ. ಈಗಂತೂ ಭ್ರೂಣಗಳಿಗೆ ಪಾಲಿಜೆನಿಕ್ ಅಂಕ (ಹಲವಾರು ಜೀನ್‌ಗಳ ಸಣ್ಣಸಣ್ಣ ಪ್ರಭಾವ ಕೂಡಿಸಿ ಕಾಯಿಲೆಯ ಅಪಾಯ ಅಂದಾಜಿಸುವ ಅಂಕ) ಹಾಕಿ ಮಾರುವ ಕಂಪನಿಗಳು ಬಂದಿವೆ. "ಅಪಾಯ ಅರ್ಧಕ್ಕಿಳಿಯುತ್ತದೆ" ಎಂಬ ಜಾಹೀರಾತಿನ ಹಿಂದೆ ಶೇ. 2 ಇದ್ದದ್ದು ಶೇ. 1 ಆಗಿದೆಯಷ್ಟೇ ಎಂದು ಹಿಡಿಯಬಲ್ಲವರು ಬೇಕಾಗಿದ್ದಾರೆ.

ಹಾಗಂತ ಫಿಲಾಸಫಿ ದಂಡವೇ? ಮೇರಿ ವಾರ್ನಾಕ್ ಅವರನ್ನು ನೋಡಿ. 1978ರಲ್ಲಿ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಹುಟ್ಟಿದ ಮೇಲೆ ಎದ್ದ ಗದ್ದಲ ಬಗೆಹರಿಸಲು 1982ರಲ್ಲಿ ಬ್ರಿಟಿಷ್ ಸರ್ಕಾರ ಮಾಡಿದ ಸಮಿತಿಗೆ ಈ ತತ್ವಶಾಸ್ತ್ರಜ್ಞೆಯೇ ಅಧ್ಯಕ್ಷೆ. ಭ್ರೂಣ ಯಾವಾಗ ಮನುಷ್ಯನಾಗುತ್ತದೆ ಎಂಬ ಪ್ರಶ್ನೆ ಬಿಡಿಸಲು ಕೂತಿದ್ದರೆ ಇವತ್ತಿಗೂ ವರದಿ ಬರುತ್ತಿರಲಿಲ್ಲ. 1984ರ ವರದಿ ಲ್ಯಾಬಿನಲ್ಲಿ ಭ್ರೂಣವನ್ನು 14 ದಿನ ಮೀರಿ ಬೆಳೆಸಬಾರದು ಎಂದು ಲಕ್ಷ್ಮಣರೇಖೆ ಎಳೆಯಿತು. ಸುಮಾರು ಆ ಹೊತ್ತಿಗೆ ಭ್ರೂಣದಲ್ಲಿ ಪ್ರಿಮಿಟಿವ್ ಸ್ಟ್ರೀಕ್ ಎಂಬ ಗೆರೆ ಮೂಡುತ್ತದೆ, ಆಮೇಲೆ ಅದು ಎರಡಾಗಿ ಒಡೆದು ಅವಳಿಯಾಗುವ ಸಂಭವ ಮುಗಿಯುತ್ತದೆ. ಕಾರಣ ಜೀವಶಾಸ್ತ್ರದ್ದು, ಆದರೆ ಅಂಕಿ ಕಾನೂನಿಗಾಗಿ: ಪೊಲೀಸರಿಗೂ ಎಣಿಸಲು ಬರಬೇಕಲ್ಲ. 1990ರಲ್ಲಿ ಅದು ಕಾನೂನಾಯಿತು. 2016ರಲ್ಲಿ ಎರಡು ಲ್ಯಾಬ್‌ಗಳು 13ನೇ ದಿನದ ಹತ್ತಿರಕ್ಕೆ ಬೆಳೆಸಿ ತೋರಿಸುವವರೆಗೆ ಆ ರೇಖೆಗೆ ಯಾರ ಕಾಲೂ ತಾಗಿರಲಿಲ್ಲ. 2021ರಲ್ಲಿ ಕಾಂಡಕೋಶ ಸಂಶೋಧಕರ ಅಂತರರಾಷ್ಟ್ರೀಯ ಸಂಘ ತನ್ನ ನಿಷೇಧಪಟ್ಟಿಯಿಂದ ಅದನ್ನು ತೆಗೆಯಿತು. ದಾಟಲು ಕಷ್ಟವಾಗಿದ್ದಾಗ ಒಪ್ಪಿಕೊಂಡ ನಿಯಮವನ್ನು ದಾಟುವ ತಾಕತ್ತು ಬಂದ ತಕ್ಷಣ ಸಡಿಲಿಸಿದ್ದು ನನಗೆ ಸರಿಕಾಣುವುದಿಲ್ಲ. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಇದಕ್ಕೆ ನಗುತ್ತಾರೆ.

ಬೇಸರದ ಸಂಗತಿಯನ್ನೂ ಹೇಳಿಬಿಡುತ್ತೇನೆ. ನಮ್ಮನ್ನು ಎಷ್ಟೋ ಕಡೆ ಕರೆಯುವುದು ಶೋಭೆಗೆ. 2018ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ, ಭ್ರೂಣದಲ್ಲೇ ಸಿಸಿಆರ್5 ಜೀನ್ (ಎಚ್‌ಐವಿ ಜೀವಕೋಶದೊಳಗೆ ನುಗ್ಗುವ ಬಾಗಿಲು ಇದರದ್ದು) ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು ಘೋಷಿಸಿದರು. ಆ ಹೊತ್ತಿಗೇ ಅವರ ಹೆಸರಿದ್ದ ನೈತಿಕ ಸೂತ್ರಗಳ ಲೇಖನವೊಂದು ಜರ್ನಲ್‌ನಲ್ಲಿ ಬಂದಿತ್ತು (ಮರುವರ್ಷ ಜರ್ನಲ್ ಹಿಂಪಡೆಯಿತು). ದಂಪತಿಗಳಿಂದ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದಲ್ಲಿ ಆ ಕೆಲಸಕ್ಕೆ "ಏಡ್ಸ್ ಲಸಿಕೆ ಅಭಿವೃದ್ಧಿ ಯೋಜನೆ" ಎಂದು ಹೆಸರು! ಅವರಿಗೆ 3 ವರ್ಷ ಜೈಲಾಯಿತು. ಸೂತ್ರಗಳು ಊಟಕ್ಕಿಲ್ಲದ ಉಪ್ಪಿನಕಾಯಿ ಆಗಿದ್ದವು. ದುಡ್ಡಿನ ಕಡೆಯಿಂದಲೂ ಇದೇ ಇಕ್ಕಟ್ಟು. ಅಮೆರಿಕ 1990ರಿಂದ ಮಾನವ ಜೀನೋಮ್ ಯೋಜನೆಯ ಬಜೆಟ್ಟಿನಲ್ಲಿ ಶೇ. 3ರಿಂದ 5ರಷ್ಟನ್ನು ನೈತಿಕ-ಕಾನೂನು-ಸಾಮಾಜಿಕ ಅಧ್ಯಯನಕ್ಕೆ ಎತ್ತಿಟ್ಟಿತು. ನಮ್ಮ ಕ್ಷೇತ್ರದ ಬಹಳಷ್ಟು ಹುದ್ದೆಗಳು ಚಿಗುರಿದ್ದು ಆ ನೀರಿನಿಂದ. ಯಾರನ್ನು ಪರಿಶೀಲಿಸಬೇಕೋ ಅವರ ಬಜೆಟ್ಟಿನಿಂದಲೇ ಸಂಬಳ. ಒಮ್ಮೆ ಪೋಸ್ಟ್‌ಡಾಕ್ ಕಾಲದಲ್ಲಿ, ನನ್ನ ವರದಿಯ ಎಚ್ಚರಿಕೆಯ ಅಧ್ಯಾಯವನ್ನು ಹಣ ಕೊಟ್ಟ ಸಂಸ್ಥೆಯೊಂದು ಅನುಬಂಧಕ್ಕೆ ತಳ್ಳಿತು. ಒಪ್ಪಿಕೊಂಡೆ. ಒಪ್ಪಬಾರದಿತ್ತು.

ಓದಿನ ಪ್ರಶ್ನೆಗೆ ಚಿಕ್ಕ ಉತ್ತರ: ಫಿಲಾಸಫಿ, ಕಾನೂನು, ಸಮಾಜಶಾಸ್ತ್ರ, ಸಾರ್ವಜನಿಕ ಆರೋಗ್ಯ, ಯಾವುದರಲ್ಲಿ ಪಿಎಚ್‌ಡಿ ಮಾಡಿದರೂ ನಡೆಯುತ್ತದೆ, ಆದರೆ ಒಂದರಲ್ಲಿ ಗಟ್ಟಿಯಾಗಿ. ಎಲ್ಲದರಲ್ಲೂ ಸ್ವಲ್ಪಸ್ವಲ್ಪ ಗೊತ್ತಿರುವವರನ್ನು ಯಾವ ವಿಭಾಗವೂ ತನ್ನವರೆಂದು ತೆಗೆದುಕೊಳ್ಳುವುದಿಲ್ಲ. ಕಾಯಂ ಹುದ್ದೆಗಳು ಕಡಿಮೆ, ವೈದ್ಯಕೀಯ ಕಾಲೇಜುಗಳಲ್ಲಿ ಪಾಠ ಮಾಡುವುದು ಮತ್ತು ಎಥಿಕ್ಸ್ ಕಮಿಟಿಯ ಕಡತ ನೋಡುವುದು ತಪ್ಪದು, ಗ್ರಾಂಟ್‌ನಿಂದ ಗ್ರಾಂಟ್‌ಗೆ ಜಿಗಿಯುವ ಕೆಲವು ವರ್ಷಗಳಿಗೆ ಮನೆಯವರನ್ನೂ ಈಗಲೇ ಸಿದ್ಧಮಾಡಿಕೊಳ್ಳಿ.

ಅರ್ಜಿ ಹಾಕುವ ಮೊದಲು ಎರಡು ಕೆಲಸ ಮಾಡಿ. ಒಬ್ಬ ಜೆನೆಟಿಕ್ ಕೌನ್ಸೆಲರ್‌ರನ್ನು (ತಳಿಪರೀಕ್ಷೆ, ತಳಿದೋಷದ ಬಗ್ಗೆ ಕುಟುಂಬಗಳಿಗೆ ಸಲಹೆ ಕೊಡುವವರು) ಕೇಳಿಕೊಂಡು, ಬಂದ ಕುಟುಂಬದವರ ಒಪ್ಪಿಗೆ ಪಡೆದು, ಕೆಲವು ದಿನ ಅವರ ಕೋಣೆಯ ಮೂಲೆಯಲ್ಲಿ ಸುಮ್ಮನೆ ಕೂತು ಬನ್ನಿ. ಆಮೇಲೆ ನಿಮ್ಮ ದೇಶದ ಸಂತಾನ ಚಿಕಿತ್ಸೆಯ ಕಾನೂನಿನಿಂದ ಒಂದೇ ಒಂದು ವಾಕ್ಯ ಆರಿಸಿ, ಅದರಲ್ಲಿ ಯಾವ ಪದ ಸಡಿಲವಾಗಿದೆ, ಆ ಸಡಿಲದಲ್ಲಿ ಯಾರು ಸಿಕ್ಕಿಬೀಳುತ್ತಾರೆ ಎಂದು ಎರಡು ಪುಟ ಬರೆಯಿರಿ. ಗೈಡ್ ಆಗಬಹುದಾದವರಿಗೆ ಸಿವಿಗಿಂತ ಮೊದಲು ಅದನ್ನು ಕಳಿಸಿ. ಎರಡೇ ಪುಟ, ಮೂರನೆಯದನ್ನು ನಾವ್ಯಾರೂ ಓದುವುದಿಲ್ಲ.