ಕೊಳಚೆ ನೀರು ಹಾಯುವ ಹೊಲದಲ್ಲಿ ಭಾರಲೋಹ ಎಷ್ಟಿದೆ ಎಂದು ತಿಳಿಯುವುದು ಹೇಗೆ?

ಬೈರಮಂಗಲ ಕೆರೆಯ ನೀರು ಹಾಯುವ ನಿಮ್ಮ ಹೊಲದಲ್ಲಿ ಸೀಸ, ಕ್ಯಾಡ್ಮಿಯಂ ಸೇರಿವೆಯೇ, ಸೇರಿದ್ದರೆ ಅಲ್ಲಿ ಸೊಪ್ಪು ಬೆಳೆಯಬಹುದೇ ಎಂದು ಕೇಳಿದ್ದೀರಿ. ಬೆಂಗಳೂರಿನ ಚರಂಡಿ ನೀರನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ತರುವ ವೃಷಭಾವತಿ ಆ ಕೆರೆಗೇ ಬಂದು ಸೇರುವುದರಿಂದ ನಿಮ್ಮ ಆತಂಕಕ್ಕೆ ಆಧಾರವಿದೆ. ಮಣ್ಣು ಪರೀಕ್ಷೆಯ ಕೆಲಸದಲ್ಲಿರುವ ನಾನು ಕಂಡಂತೆ, ತಪ್ಪುಗಳು ಪ್ರಯೋಗಾಲಯದ ಯಂತ್ರದಲ್ಲಿ ಆಗುವುದಕ್ಕಿಂತ ಹೊಲದಲ್ಲಿ ಮಾದರಿ ತೆಗೆಯುವಾಗಲೇ ಹೆಚ್ಚು.

ಕಾಲುವೆಯ ನೀರು ಹೊಲಕ್ಕೆ ಇಳಿಯುವ ಕಡೆ ಹೂಳು ಹೆಚ್ಚು ಕೂರುತ್ತದೆ, ಲೋಹಗಳು ಆ ಹೂಳಿಗೇ ಅಂಟಿಕೊಂಡಿರುತ್ತವೆ. ಆದ್ದರಿಂದ ಆ ಭಾಗದ ಮಣ್ಣನ್ನೂ ಹೊಲದ ದೂರದ ಅಂಚಿನ ಮಣ್ಣನ್ನೂ ಒಟ್ಟಿಗೆ ಬೆರೆಸಬೇಡಿ. ಪ್ರತಿ ಭಾಗದಲ್ಲೂ ಹತ್ತು ಹದಿನೈದು ಕಡೆ, ಮೇಲಿನ 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕಿಲೋ ಉಳಿಸಿಕೊಂಡು ನೆರಳಿನಲ್ಲಿ ಒಣಗಿಸಿ. ಸತುವಿನ ಲೇಪವಿರುವ ಬಕೆಟ್, ತುಕ್ಕು ಹಿಡಿದ ಗುದ್ದಲಿ ಬೇಡ. ಇವುಗಳ ಜೊತೆಗೆ, ಆ ನೀರು ಎಂದೂ ಹಾಯದ, ಅದೇ ಬಗೆಯ ಮಣ್ಣಿರುವ ಹತ್ತಿರದ ಮಳೆಯಾಶ್ರಿತ ಹೊಲದಿಂದಲೂ ಒಂದು ಮಾದರಿ ತೆಗೆಯಿರಿ. ಇದನ್ನು ಬಹಳ ಮಂದಿ ಮರೆಯುತ್ತಾರೆ, ಆದರೆ ಲೋಹ ನೀರಿನಿಂದ ಬಂದದ್ದೋ ಕಲ್ಲಿನಿಂದಲೇ ಮಣ್ಣಿಗಿಳಿದದ್ದೋ ಎಂದು ಹೇಳಲು ಬೇರೆ ದಾರಿ ಕಷ್ಟ.

ಪ್ರಯೋಗಾಲಯದಲ್ಲಿ ಎರಡು ಪರೀಕ್ಷೆಗಳನ್ನು ಕೇಳಿ. ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲದಲ್ಲಿ ಮಣ್ಣನ್ನು ಕುದಿಸಿ ಅಳೆಯುವುದು ಬಹುಮಟ್ಟಿಗೆ ಒಟ್ಟು ಲೋಹವನ್ನು ತೋರಿಸುತ್ತದೆ. ಲೋಹವನ್ನು ಹಿಡಿದುಕೊಳ್ಳುವ ಡಿಟಿಪಿಎ ಎಂಬ ರಾಸಾಯನಿಕದ ದ್ರಾವಣದಲ್ಲಿ ಎರಡು ಗಂಟೆ ಅಲುಗಾಡಿಸಿ ಅಳೆಯುವುದು ಬೇರಿಗೆ ಸಿಗಬಹುದಾದ ಪಾಲನ್ನು ಸೂಚಿಸುತ್ತದೆ. ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು ಎರಡನೆಯದು. ಮೊದಲನೆಯದರಲ್ಲಿ ಬರುವ ಒಟ್ಟು ಲೋಹದ ಅಂಕಿಯ ಹೋಲಿಕೆಗೆ ಹೇಳುವುದಾದರೆ, ಕೊಳಚೆ ಗಸಿ ಹಾಕುವ ಹೊಲಗಳಿಗೆ ಯುರೋಪಿನ 1986ರ ನಿಯಮ ವಿಧಿಸಿದ ಮಿತಿ, ಒಂದು ಕಿಲೋ ಮಣ್ಣಿಗೆ ಕ್ಯಾಡ್ಮಿಯಂ 1ರಿಂದ 3 ಮಿಲಿಗ್ರಾಂ, ಸೀಸ 50ರಿಂದ 300 ಮಿಲಿಗ್ರಾಂ.

ಎರಡೂ ಲೋಹಗಳ ಸ್ವಭಾವ ಒಂದೇ ಅಲ್ಲ. ಸೀಸ ಹೆಚ್ಚಾಗಿ ಮಣ್ಣಿನಲ್ಲೂ ಬೇರಿನಲ್ಲೂ ನಿಲ್ಲುತ್ತದೆ, ಸೊಪ್ಪಿನ ಮೇಲೆ ದೂಳಾಗಿ ಕೂತದ್ದು ಚೆನ್ನಾಗಿ ತೊಳೆದರೆ ಬಹುಪಾಲು ಹೋಗುತ್ತದೆ. ಕ್ಯಾಡ್ಮಿಯಂ ಎಲೆಯ ಒಳಗೇ ಸೇರುತ್ತದೆ, ತೊಳೆದರೆ ಹೋಗುವುದಿಲ್ಲ, ಗಿಡಕ್ಕೆ ಯಾವ ಕುಂದೂ ಕಾಣಿಸದಿರಬಹುದು. ಜಪಾನಿನ ಜಿಂಜೂ ನದಿಯ ನೀರಿನಲ್ಲಿ ಬೆಳೆದ ಅಕ್ಕಿಯನ್ನು ಉಂಡವರ ಮೂಳೆಗಳು ಮುರಿಯತೊಡಗಿದ್ದು ಇದರಿಂದಲೇ. ಗಣಿಯ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಸಡಿಲವಾಗುತ್ತದೆ. ಹಾಗೆಂದು ರಸಸಾರವನ್ನು, ಅಂದರೆ ಮಣ್ಣು ಎಷ್ಟು ಹುಳಿ ಅಥವಾ ಕ್ಷಾರ ಎಂಬುದನ್ನು (pH), ಅಳೆಸದೆ ಸುಣ್ಣ ಹಾಕಬೇಡಿ. ಕೊಳಚೆ ನೀರು ಹಾಯ್ದ ಮಣ್ಣು ಆಗಲೇ ಕ್ಷಾರವಾಗಿರಬಹುದು.

ಮಣ್ಣಿನ ಜೊತೆಗೆ ಅಲ್ಲೇ ಬೆಳೆದ ಸೊಪ್ಪನ್ನೂ ತೊಳೆದು ಪರೀಕ್ಷೆಗೆ ಕೊಡಿ. ವರದಿ ಬರುವವರೆಗೆ ಆ ಹೊಲದ ಪಾಲಕ್, ಕೊತ್ತಂಬರಿ ಮಕ್ಕಳ ತಟ್ಟೆಗೆ ಬೇಡ.