ಸಹಿ ಆಮೇಲೆ, ಮೊದಲು ಅಳಿಸಿದ ಗೆರೆ ಹುಡುಕಿ

ಪ್ರಶ್ನೆ: ಪಾಪ್ ಆರ್ಟ್, ಅಂದರೆ ಕಾಮಿಕ್ಸ್, ಜಾಹೀರಾತು, ಸಿನಿಮಾಗಳಿಂದ ಎತ್ತಿಕೊಂಡು ಬರೆದ ಚಿತ್ರಗಳು, ನನಗೆ ಪ್ರಾಣ. ದೊಡ್ಡ ಚಿತ್ರ ಕೊಳ್ಳುವ ಶಕ್ತಿ ಇಲ್ಲ. ಅದಕ್ಕೇ ಕಲಾವಿದರು ಚಿತ್ರಕ್ಕೆ ಮುಂಚೆ ಕಾಗದದ ಮೇಲೆ ಬರೆದುಕೊಂಡ ಕರಡುಗಳನ್ನು ಕೂಡಿಡುವ ಆಸೆ. ಈಗ ಒಬ್ಬರು ಅಮೆರಿಕದ ಪಾಪ್ ಕಲಾವಿದ ರಾಯ್ ಲಿಕ್ಟೆನ್‌ಸ್ಟೈನ್ ಅವರದ್ದು ಎಂದು ಒಂದು ಪೆನ್ಸಿಲ್ ಚಿತ್ರ ತೋರಿಸಿದ್ದಾರೆ. ಸಹಿ ಇದೆ, ಬೇರೆ ಕಾಗದಪತ್ರ ಇಲ್ಲ. ಆದರೆ ಮುಗಿದ ಚಿತ್ರಕ್ಕೂ ಇದಕ್ಕೂ ಒಂದು ಗೆರೆಯ ವ್ಯತ್ಯಾಸವೂ ಇಲ್ಲ! ಕೊಳ್ಳಬಹುದೇ?

ಉತ್ತರ: ಬೇಡ. ಸದ್ಯಕ್ಕೆ ಮುಂಗಡವನ್ನೂ ಕೊಡಬೇಡಿ. ಒಂದು ಗೆರೆಯ ವ್ಯತ್ಯಾಸವೂ ಇಲ್ಲ ಅಂದಿರಲ್ಲ, ನನಗೆ ಅನುಮಾನ ಬಂದದ್ದೇ ಅಲ್ಲಿ. ಕರಡು ಬರೆಯುವಾಗ ಕಲಾವಿದ ಇನ್ನೂ ಯೋಚಿಸುತ್ತಿರುತ್ತಾನೆ. ಪೂರ್ತಿ ಹೊಂದಿಕೊಂಡರೆ ಅದು ಮುಗಿದ ಚಿತ್ರ ನೋಡಿಕೊಂಡು ಬರೆದದ್ದಿರಬಹುದು, ಅಲ್ವಾ?

ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿ ಲಿಕ್ಟೆನ್‌ಸ್ಟೈನರ ‘ವ್ಹಾಮ್!’ ಚಿತ್ರವೂ ಇದೆ, 1963ರಲ್ಲಿ ಅದಕ್ಕೆಂದು ಬರೆದ ಪೆನ್ಸಿಲ್ ಕರಡೂ ಇದೆ. ಚಿತ್ರ ನಾಲ್ಕು ಮೀಟರ್ ಅಗಲ. ಕರಡು ಸುಮಾರು 30 ಸೆಂಟಿಮೀಟರ್, ಅಷ್ಟೇ. ಯಾವ ಜಾಗಕ್ಕೆ ಯಾವ ಬಣ್ಣ ಎಂದು ಅದರ ಮೇಲೇ ಬರೆದುಕೊಂಡಿದ್ದಾರೆ. ಚಿತ್ರದೊಳಗೆ ಸ್ಫೋಟದ ಸದ್ದಾಗಿ ಬರೆದ ‘ವ್ಹಾಮ್’ ಅಕ್ಷರಗಳಿಗೆ ಬಿಳಿ ಎಂದು ಗುರುತು ಹಾಕಿದ್ದರು. ಚಿತ್ರದಲ್ಲಿ ಅವು ಹಳದಿಯಾದವು. ಕರಡಿಗೂ ಕ್ಯಾನ್ವಾಸಿಗೂ ನಡುವೆ ಎಲ್ಲೋ ಮನಸ್ಸು ಬದಲಾಯಿತು. ಆ ಬದಲಾವಣೆ ಕಣ್ಣಿಗೆ ಬೀಳುತ್ತದಲ್ಲ, ಅದಕ್ಕೇ ನನಗೆ ಕರಡುಗಳ ಮೇಲೆ ಇಷ್ಟು ಪ್ರೀತಿ.

ಅವರ ಕೆಲಸದ ರೀತಿ ತಿಳಿದಿದ್ದರೆ ನಿಮಗೂ ಅಂದಾಜು ಸಿಗುತ್ತದೆ. ಕಾಮಿಕ್ಸ್ ಚೌಕವೊಂದನ್ನು ಆರಿಸಿ, ಚಿಕ್ಕದಾಗಿ ಬರೆದು, ಪ್ರೊಜೆಕ್ಟರ್‌ನಿಂದ ಕ್ಯಾನ್ವಾಸಿನ ಮೇಲೆ ಹಿಗ್ಗಿಸಿ ಗೆರೆ ಎಳೆಯುತ್ತಿದ್ದರು. ಆಮೇಲೂ ತಿದ್ದುತ್ತಿದ್ದರು. ಇನ್ನೊಬ್ಬ ಪಾಪ್ ಕಲಾವಿದ ಆ್ಯಂಡಿ ವಾರ್‌ಹಾಲ್ ವಿಷಯ ಬೇರೆ. 1962ರಲ್ಲಿ ಅವರು ಫೋಟೋದಿಂದ ಸಿಲ್ಕ್‌ಸ್ಕ್ರೀನ್ (ಜಾಲರಿ ಬಟ್ಟೆಯ ಮೂಲಕ ಬಣ್ಣ ಒತ್ತಿ ಅಚ್ಚು ಹಾಕುವುದು) ಮಾಡಲು ಶುರುಮಾಡಿದರು. ನಟಿ ಮರ್ಲಿನ್ ಮನ್ರೋ ಚಿತ್ರಗಳ ಸರಣಿಗೆ ಅವರು ಹಿಡಿದದ್ದು ಒಂದು ಸಿನಿಮಾ ಪ್ರಚಾರದ ಫೋಟೋ, ಅದರ ಮೇಲೆ ಎಲ್ಲಿಗೆ ಕತ್ತರಿಸಬೇಕು ಎಂಬ ಗೆರೆಗಳು. ಹಾಗಾಗಿ ಮರ್ಲಿನ್ ಚಿತ್ರದ ಪೆನ್ಸಿಲ್ ಕರಡು ಎಂದು ಯಾರಾದರೂ ತಂದರೆ ಎರಡು ಸಲ ಯೋಚಿಸಿ. ಸಹಿಯನ್ನೂ ಜಾಸ್ತಿ ನಂಬಬೇಡಿ. ವಾರ್‌ಹಾಲ್ ಜಾಹೀರಾತಿಗೆ ಬರೆಯುತ್ತಿದ್ದ ಕಾಲದಲ್ಲಿ ಎಷ್ಟೋ ಹಾಳೆಗಳಿಗೆ ಅವರ ಹೆಸರು ಬರೆದವರು ಅವರ ತಾಯಿ ಜೂಲಿಯಾ.

ಸಹಿ ನಂಬಿ ನಾನೂ ಮೋಸಹೋಗಿದ್ದೇನೆ. ಮೊದಲ ಸಲ ಕೊಂಡ ‘ಕರಡ’ನ್ನು ಮನೆಗೆ ತಂದು ಭೂತಗನ್ನಡಿ ಇಟ್ಟೆ. ಪೆನ್ಸಿಲ್ ಗೆರೆ ಅಂದುಕೊಂಡದ್ದು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆಯಿತು. ಅಚ್ಚು ಹಾಕಿದ್ದು. ದುಡ್ಡು ವಾಪಸ್ ಬರಲಿಲ್ಲ. ಅಂದಿನಿಂದ ಭೂತಗನ್ನಡಿ ಇಲ್ಲದೆ ಎಲ್ಲಿಗೂ ಹೋಗುವುದಿಲ್ಲ.

ಈಗ ನನ್ನ ಹತ್ತಿರ ಇರುವುದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಷ್ಟೇನೂ ಹೆಸರು ಮಾಡದ ಒಬ್ಬ ಪಾಪ್ ಚಿತ್ರಕಾರರ ಹಾಳೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಒಂದು ಐಸ್‌ಕ್ರೀಂ ಕೋನ್. ಮೊದಲು ನೆಟ್ಟಗೆ ನಿಂತಿತ್ತು, ಅದನ್ನು ಉಜ್ಜಿ ಎಡಕ್ಕೆ ವಾಲಿಸಿದ್ದಾರೆ. ಹಾಳೆಯನ್ನು ಓರೆ ಬೆಳಕಿಗೆ ಹಿಡಿದರೆ ಹಳೆಯ ಗೆರೆ ಒತ್ತಿದ ತಗ್ಗು ಈಗಲೂ ಕಾಣುತ್ತದೆ. ಅಂಚಿನಲ್ಲಿ ಗುಲಾಬಿ ಬಣ್ಣದ ಹೆಬ್ಬೆರಳ ಗುರುತು. ಹಿಂದೆ ಕೊಳ್ಳಬೇಕಾದ ಬಣ್ಣಗಳ ಪಟ್ಟಿ. ಸಹಿ ಇಲ್ಲ. ಆದರೆ ಕಲಾವಿದರ ಮನೆಯಿಂದ ನನ್ನ ಕೈಗೆ ಬರುವವರೆಗಿನ ಪ್ರತಿಯೊಂದು ರಸೀದಿಯೂ ಇದೆ.

ಆ ರಸೀದಿಗಳ ಸರಪಳಿಯನ್ನೇ ನೀವು ಕೇಳಬೇಕು. ವಾರ್‌ಹಾಲ್ ಕೃತಿಗಳನ್ನು ಅಸಲಿಯೋ ನಕಲಿಯೋ ಎಂದು ಹೇಳುತ್ತಿದ್ದ ಮಂಡಳಿ 2012ರಲ್ಲಿ ಮುಚ್ಚಿತು. ಲಿಕ್ಟೆನ್‌ಸ್ಟೈನ್ ಫೌಂಡೇಶನ್ ಕೂಡ ಆ ಕೆಲಸ ಬಿಟ್ಟಿದೆ. ಲಿಕ್ಟೆನ್‌ಸ್ಟೈನರ ಕೃತಿಗಳ ಪೂರ್ಣ ಪಟ್ಟಿ 2023ರಿಂದ ಆನ್‌ಲೈನ್‌ನಲ್ಲೇ ಸಿಗುತ್ತದೆ. ಮೊದಲು ಅಲ್ಲಿ ಹುಡುಕಿ. ಅವರ ಚಿತ್ರಗಳನ್ನು ಮಾರುತ್ತಿದ್ದದ್ದು ನ್ಯೂಯಾರ್ಕಿನ ಲಿಯೊ ಕ್ಯಾಸ್ಟೆಲಿ ಗ್ಯಾಲರಿ. ಫ್ರೇಮಿನ ಹಿಂದೆ ಆ ಗ್ಯಾಲರಿಯ ಚೀಟಿ ಇದ್ದರೆ ಒಳ್ಳೆಯದು, ಆದರೆ ಚೀಟಿಯನ್ನೂ ಅಂಟಿಸಬಹುದು. ಪಟ್ಟಿಯಲ್ಲಿ ಇಲ್ಲ, ರಸೀದಿಯೂ ಇಲ್ಲ ಅಂದರೆ ಸುಮ್ನೆ ಎದ್ದು ಬನ್ನಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪಾಪ್ ಕಲಾವಿದ ಜೇಮ್ಸ್ ರೋಸೆನ್‌ಕ್ವಿಸ್ಟರ ಕೊಲಾಜ್ ಕರಡುಗಳನ್ನು ಮ್ಯೂಸಿಯಂಗಳಲ್ಲಿ ಚೆನ್ನಾಗಿ ನೋಡುತ್ತಿದ್ದೆ. ಅವರು ದೊಡ್ಡ ಜಾಹೀರಾತು ಫಲಕ ಬರೆದು ಬದುಕಿದವರು. ಪತ್ರಿಕೆಯ ತುಣುಕು ಅಂಟಿಸಿ, ಮೇಲೆ ಚೌಕುಳಿ ಎಳೆದು, ಹಾಗೇ ಹಿಗ್ಗಿಸುತ್ತಿದ್ದರು. ಅವು ಕಣ್ಣಿಗೆ ಒಳ್ಳೆಯ ಪಾಠ.

ಪ್ರಶ್ನೆ: ನನ್ನಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದ ಒಂದು ಕರಡಿದೆ. ಗೋಡೆಗೆ ಹಾಕಬಹುದೇ?

ಉತ್ತರ: ಹಾಕಿ, ಆದರೆ ವರ್ಷವಿಡೀ ಅಲ್ಲ. ಸ್ಕೆಚ್ ಪೆನ್ನಿನ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ. ಮತ್ತೆ ಬರುವುದಿಲ್ಲ. ಇಂಥ ಹಾಳೆಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ, ಇದು ಮಂದ ಬೆಳಕು) ದಾಟುವುದಿಲ್ಲ. ಆಮ್ಲವಿಲ್ಲದ ರಟ್ಟು, ನೇರಳಾತೀತ ಕಿರಣ ತಡೆಯುವ ಗಾಜು ಹಾಕಿಸಿ. ಹಳೆಯ ಟೇಪ್ ಅಂಟಿದ್ದರೆ ನೀವೇ ಕೀಳಬೇಡಿ, ಕಾಗದ ಜೋಪಾನ ಮಾಡುವ ತಜ್ಞರಿಗೆ ಕೊಡಿ. ನನ್ನ ಐಸ್‌ಕ್ರೀಂ ಕೋನ್ ಮೂರು ತಿಂಗಳು ಗೋಡೆಯ ಮೇಲಿತ್ತು. ಈಗ ಪೆಟ್ಟಿಗೆಯಲ್ಲಿದೆ.