ಆ ಒಂದು ಸಾಲಿಗೆ ಬಾಯಿ ಕಟ್ಟಿದಾಗ

ಪ್ರಿಯ ಸಹೋದರಿ,

ನಿಮ್ಮ ಕಾಗದ ಬಂತು. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಇಷ್ಟು ಹೇಳುತ್ತೇನೆ: ನಿಮ್ಮ ಯಜಮಾನರು ಕಾಯಿಲೆಯಿಂದ ಮಲಗಿದ್ದಾಗ ಭಾವನವರು ಅವರಿಂದ ಸಹಿ ಹಾಕಿಸಿಕೊಂಡರು. ಯಜಮಾನರು ತೀರಿಕೊಂಡ ಮೇಲೆ, ಅಡಿಕೆ ತೋಟ ಕೈಬಿಟ್ಟು ಹೋಗಿದೆ ಅಂತ ಗೊತ್ತಾಯಿತು. ಈಗ ಕೋರ್ಟಿನಲ್ಲಿ ಕೇಸ್ ನಡೆಯುತ್ತಿದೆ. ಭಾನುವಾರ ಚರ್ಚಿನಲ್ಲಿ ಅದೇ ಭಾವನವರು ಗಂಡಸರ ಸಾಲಿನಲ್ಲಿ, ನಿಮ್ಮ ಕಣ್ಣಿಗೆ ಬೀಳುವ ಹಾಗೆ ಕೂತಿರುತ್ತಾರೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಎಂಬಲ್ಲಿಗೆ ಬಂದಾಗ ನಿಮ್ಮ ಬಾಯಿ ಕಟ್ಟುತ್ತದೆ. “ಅವರಿಗಾಗಿ ಪ್ರಾರ್ಥಿಸಿದರೆ ಅದು ಸುಳ್ಳು ಅನಿಸುತ್ತದೆ. ಕೇಸ್ ವಾಪಸ್ ತಗೋ ಅಂತ ಹಿರಿಯರು ಹೇಳುತ್ತಾರೆ. ನಾನು ಏನು ಮಾಡಲಿ?” ಎಂದು ಕೇಳಿದ್ದೀರಿ.

ಬಾಯಿ ಕಟ್ಟಿದ್ದು ಕೆಟ್ಟದ್ದೇನಲ್ಲ. ಆ ಸಾಲನ್ನು ಗಡಗಡ ಹೇಳಿ ಮುಗಿಸುವ ನಮ್ಮಂಥವರಿಗಿಂತ ನೀವು ಅದನ್ನು ಹೆಚ್ಚು ಗಮನವಿಟ್ಟು ಓದಿದ್ದೀರಿ.

ಮೊದಲು ಕೇಸಿನ ಮಾತು. ಹಿರಿಯರು ನಿಮಗೆ ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ ತೋರಿಸಿದರಂತೆ. ಸಹೋದರರು ಕೋರ್ಟಿಗೆ ಹೋಗಬಾರದು ಅಂತ. ಸರಿ. ಆದರೆ ಅದೇ ಅಧ್ಯಾಯದಲ್ಲಿ ಪೌಲ ಇನ್ನೊಂದು ಪ್ರಶ್ನೆ ಕೇಳುತ್ತಾನೆ: ಸಹೋದರರ ನಡುವೆ ನ್ಯಾಯ ತೀರಿಸುವ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ಲವೇ? ಅದು ಸಭೆಗೆ ಕೇಳಿದ ಪ್ರಶ್ನೆ. ಆ ಹಿರಿಯರು ಇಬ್ಬರನ್ನೂ ಎದುರು ಕೂರಿಸಿ, ಕಾಗದಪತ್ರ ತರಿಸಿ ನೋಡಿದ್ದಾರಾ? ಇಲ್ಲ ಎಂದು ಬರೆದಿದ್ದೀರಿ. ಹಾಗಾದರೆ ಅವರು ಅರ್ಧ ಅಧ್ಯಾಯ ಮಾತ್ರ ಓದಿದ್ದಾರೆ. ವಿಧವೆಗೆ ಸುಮ್ನಿರು ಎನ್ನುವುದು ಸುಲಭ. ತೋಟ ತಗೊಂಡವನನ್ನು ಕರೆದು ಕೇಳುವುದು ಕಷ್ಟ, ಅಲ್ವಾ?

ಕ್ಷಮೆ ಬೇರೆ, ಲೆಕ್ಕ ಬೇರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಗಾಡಿಯೊಳಗೆ ಮಲಗಿದ್ದಾಗಲೇ ಸುಟ್ಟರು. ಅವರ ಹೆಂಡತಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಹಾಗಂತ ಕಾನೂನು ತನ್ನ ಕೆಲಸ ಬಿಡಬೇಕು ಅನ್ನಲಿಲ್ಲ. ವಿಚಾರಣೆ ನಡೆಯಿತು, ಶಿಕ್ಷೆಯೂ ಆಯಿತು. ಅವರು ಬಾರಿಪದದ ಕುಷ್ಠರೋಗಿಗಳ ಆಶ್ರಮದಲ್ಲಿ ಇನ್ನೂ ಕೆಲವು ವರ್ಷ ಕೆಲಸ ಮಾಡಿದರು.

ಈ ಕಥೆಯನ್ನು ಚರ್ಚಿನ ಪ್ರಸಂಗಗಳಲ್ಲಿ ಕೇಳಿ ಕೇಳಿ ನಿಮಗೆ ಭಾರವಾಗಿದೆಯಂತೆ. ‘ಅವರು ಕೆಲವೇ ದಿನಗಳಲ್ಲಿ ಕ್ಷಮಿಸಿದರು, ನನಗೆ ಮೂರು ವರ್ಷವಾದರೂ ಆಗಿಲ್ಲ.’ ಅದಕ್ಕೇ ಇನ್ನೊಂದು ಕಥೆ ಹೇಳುತ್ತೇನೆ. ಸಿಸ್ಟರ್ ರಾಣಿ ಮರಿಯಾ ಕೇರಳದ ಪುಲ್ಲುವಳಿಯವರು. ಇಂದೋರ್ ಕಡೆಯ ಹಳ್ಳಿಗಳಲ್ಲಿ ಬಡವರನ್ನು ಬಡ್ಡಿ ಸಾಲದಿಂದ ಬಿಡಿಸುವ ಕೆಲಸ ಮಾಡುತ್ತಿದ್ದರು. ಅದು ಕೆಲವರಿಗೆ ಸರಿಬರಲಿಲ್ಲ. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಸಮಂದರ್ ಸಿಂಗ್ ಎಂಬವನು ಚಾಕುವಿನಿಂದ ತಿವಿದು ತಿವಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ರಾಣಿ ಮರಿಯಾ ಅವರ ತಂಗಿ ಸೆಲ್ಮಿ, ಅವರೂ ಸನ್ಯಾಸಿನಿ, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅವನು 2006ರಲ್ಲಿ ಬಿಡುಗಡೆಯಾದ. 2017ರಲ್ಲಿ ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು, ಅಂದರೆ ಸಂತ ಪದವಿಗೆ ಮುಂಚಿನ ಹಂತಕ್ಕೆ, ಸಾರಿದಾಗ ಅವನೂ ಅಲ್ಲಿದ್ದ.

ರಾಖಿ ಕಟ್ಟಿದ್ದು ಯಾವಾಗ ಗೊತ್ತಾ? 2002ರಲ್ಲಿ. ಕೊಲೆಯಾಗಿ ಏಳು ವರ್ಷದ ಮೇಲೆ. ರಾಖಿ ಕಟ್ಟಿದ ಫೋಟೋ ಎಲ್ಲರೂ ತೋರಿಸುತ್ತಾರೆ. ನಡುವಿನ ಆ ಏಳು ವರ್ಷದ ಮಾತು ಯಾರ ಪ್ರಸಂಗದಲ್ಲೂ ಬರುವುದಿಲ್ಲ. ನಿಮಗೆ ಮೂರಾಗಿದೆ ಅಷ್ಟೇ.

ಮತ್ತಾಯ 18ರಲ್ಲಿ ಶಿಷ್ಯ ಪೇತ್ರ ಎಷ್ಟು ಸಾರಿ ಕ್ಷಮಿಸಬೇಕು ಅಂತ ಕೇಳಿದಾಗ ಯೇಸು ‘ಏಳೆಪ್ಪತ್ತು ಸಾರಿ’ ಎಂದ. ನಾನು ಇದನ್ನು ಏಳೆಪ್ಪತ್ತು ತಪ್ಪು ಅಂತಲೇ ಓದುತ್ತಿದ್ದೆ. ಈಗ ಹಾಗನಿಸುವುದಿಲ್ಲ. ಒಂದೇ ತಪ್ಪನ್ನು ಅಷ್ಟು ಸಾರಿ ಕ್ಷಮಿಸಬೇಕಾಗುತ್ತದೆ. ಬೆಳಿಗ್ಗೆ ಬಿಟ್ಟಿರುತ್ತೀರಿ, ಸಂಜೆ ಬಸ್ಸಿನಲ್ಲಿ ತೋಟದ ಪಕ್ಕ ಹೋಗುವಾಗ ಮತ್ತೆ ಹೊಟ್ಟೆ ಉರಿಯುತ್ತದೆ. ಮತ್ತೆ ಮೊದಲಿನಿಂದ. ಆಮೇಲೆ ಬರುವ ಸಾಲಗಾರನ ಸಾಮ್ಯಕಥೆಯಲ್ಲಿ, ತನ್ನ ದೊಡ್ಡ ಸಾಲ ಮನ್ನಾ ಆದವನಿಗೆ ಜೊತೆಯವನು ಕೊಡಬೇಕಿದ್ದದ್ದು ನೂರು ದಿನದ ಕೂಲಿ. ಪ್ರಸಂಗ ಮಾಡುವವರು ಅದನ್ನು ಪುಡಿಗಾಸು ಎನ್ನುತ್ತಾರೆ. ಮೂರು ತಿಂಗಳ ಕೂಲಿ ಪುಡಿಗಾಸಲ್ಲ, ಕೂಲಿಯವರನ್ನೇ ಕೇಳಿ. ನಿಮಗಾದದ್ದು ಸಣ್ಣದು ಎಂದು ಯೇಸು ಹೇಳುತ್ತಿಲ್ಲ.

ಇನ್ನು ಸುಳ್ಳು ಪ್ರಾರ್ಥನೆಯ ವಿಷಯ. ಸುಳ್ಳಾದರೆ ಮಾಡಬೇಡಿ. 109ನೇ ಕೀರ್ತನೆ ತೆಗೆದು ಗಟ್ಟಿಯಾಗಿ ಓದಿ. ಶಾಪಗಳಿಗೆ ಅಲ್ಲಿ ಬರವಿಲ್ಲ. ಆದರೆ ಹೇಳುತ್ತಿರುವುದು ದೇವರ ಹತ್ತಿರ, ಊರಿನವರ ಹತ್ತಿರ ಅಲ್ಲ. ಪೌಲನೂ ಹಾಗೇ. ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ಕಂಚುಗಾರ ಅಲೆಕ್ಸಾಂದ್ರ ನನಗೆ ಬಹಳ ಕೇಡು ಮಾಡಿದ, ಕರ್ತನು ಅವನಿಗೆ ತಕ್ಕದ್ದು ಕೊಡುತ್ತಾನೆ, ನೀನೂ ಹುಷಾರಾಗಿರು ಎನ್ನುತ್ತಾನೆ. ಮುಂದಿನ ವಚನದಲ್ಲೇ, ವಿಚಾರಣೆಯ ದಿನ ತನ್ನನ್ನು ಬಿಟ್ಟುಹೋದವರ ಮೇಲೆ ಆ ದೋಷ ಬರದಿರಲಿ ಎಂದು ಬೇಡುತ್ತಾನೆ. ಎರಡೂ ಒಂದೇ ಪುಟದಲ್ಲಿವೆ.

ಕ್ಷಮಿಸಲು ಕಷ್ಟವಾದವರು ನನಗೂ ಒಬ್ಬರಿದ್ದಾರೆ. ಏನಾಯಿತು ಎನ್ನುವುದು ಬೇಡ. ಪ್ರಾರ್ಥನೆಗೆಂದು ನನ್ನ ಹತ್ತಿರ ಒಂದು ಸಣ್ಣ ಪುಸ್ತಕವಿದೆ, ಹೆಸರುಗಳ ಪಟ್ಟಿ. ಒಂದು ದಿನ ಮನಸ್ಸು ಗಟ್ಟಿ ಮಾಡಿ ಪೆನ್ಸಿಲಿನಲ್ಲಿ ಅವರ ಹೆಸರು ಬರೆದೆ. ಮಾರನೇ ದಿನ ಅಳಿಸಿದೆ. ಹೀಗೆ ಬರೆದು ಅಳಿಸಿ, ಕೊನೆಗೆ ಅಲ್ಲಿ ಹಾಳೆಯೇ ತೂತಾಯಿತು. ‘ಅವರನ್ನು ಆಶೀರ್ವದಿಸು’ ಅನ್ನೋಕೆ ನಾಲಿಗೆ ಹೊರಳುತ್ತಿರಲಿಲ್ಲ. ಅವರಿಗೆ ಮಂಡಿನೋವು ಇದೆ ಅಂತ ಗೊತ್ತಿತ್ತು. ನಮ್ಮ ತಾಯಿಗೂ ಇತ್ತು, ಆ ಕಷ್ಟ ನೋಡಿದ್ದೇನೆ. ಅದಕ್ಕೇ, ‘ಕರ್ತನೇ, ಇವತ್ತು ಅವರು ಮೆಟ್ಟಿಲು ಹತ್ತುವಾಗ ಮಂಡಿ ನೋಯದಿರಲಿ’ ಎಂದೆ. ಅಷ್ಟು ಮಾತ್ರ ನಿಜವಾಗಿ ಹೇಳಲು ಆಯಿತು. ತುಂಬ ದಿನ ಅಷ್ಟೇ ಹೇಳಿದೆ. ನಿಮ್ಮ ಭಾವನವರಿಗೆ ಪಿಯುಸಿ ಓದುವ ಮಗಳಿದ್ದಾಳೆ ಎಂದು ಬರೆದಿದ್ದೀರಿ. ಆ ಹುಡುಗಿ ನಿಮಗೇನೂ ಮಾಡಿಲ್ಲ. ಅವಳ ಪರೀಕ್ಷೆಯಿಂದ ಶುರುಮಾಡಬಹುದೇನೋ.

ಹೋದ ತಿಂಗಳು ನಾನು ಹೇಳಿದ ಆ ಒಬ್ಬರಿಗೆ ಮಂಡಿ ಆಪರೇಷನ್ ಆಯಿತಂತೆ, ಯಾರೋ ಹೇಳಿದರು. “ಈಗ ನಡೀತಾರಾ?” ಅಂತ ಕೇಳಿಬಿಟ್ಟೆ. ಕೇಳಿದ ಮೇಲೆ ನನಗೇ ಆಶ್ಚರ್ಯ. ಫೋನ್ ಮಾತ್ರ ಇನ್ನೂ ಮಾಡಿಲ್ಲ.

— ಸಂಪಾದಕ